ಹಸ್ತ ನಕ್ಷತ್ರದಲ್ಲಿ ಬೆಸುಗೆ ಹುಡುಕಿದವರು

ನಮ್ಮ ಮನೆಯವರು ಯಾವುದನ್ನೂ ನೆಟ್ಟಗೆ ನೋಡುತ್ತಿರಲಿಲ್ಲ. ತಾಟಿಗೆ ರೊಟ್ಟಿ ಹಾಕಿದರೆ ತಾಟಿನ ಪಕ್ಕದ ನೆಲವನ್ನು ನೋಡುವರು. ಯಾರಾದರೂ ಮುರಿದ ಬುಗುಡಿ ತಂದು ಅಂಗೈಯಲ್ಲಿಟ್ಟರೆ ತಮ್ಮ ಹೆಬ್ಬೆರಳ ಕಡೆ ನೋಡುವರು. ತಾವರಗೇರಾದ ಸಂತೆಗೆ ಬಂದ ಹೊಸಬರು, "ಈ ಪತ್ತಾರಗ ಮೆಳ್ಳಗಣ್ಣು ಐತೇನವಾ?" ಎಂದು ನನ್ನನ್ನೇ ಕೇಳಿದ್ದುಂಟು. ಮೆಳ್ಳಗಣ್ಣೇನೂ ಇರಲಿಲ್ಲ. ಹತ್ತು ಹನ್ನೆರಡು ಬೇಸಿಗೆ ಆಕಾಶ ನೋಡುವ ದುರ್ಬೀನಿಗೆ ಕಣ್ಣಿಟ್ಟು ಬಂದ ಅಭ್ಯಾಸ ಅದು. ತೀರ ಮಸುಕಾದ ಬೆಳಕು ಕಣ್ಣಿನ ನಡುವಿಗೆ ಕಾಣುವುದಿಲ್ಲ, ಅಂಚಿಗೆ ಕಾಣುತ್ತದೆ. ಅದನ್ನು ಅವರು ನನಗೆ ಕಲಿಸಿದ್ದು ಹೀಗೆ:

"ಅದು ಹೊಸಾ ಸೊಸಿ ಇದ್ದಂಗ. ನೆಟ್ಟಗ ನೋಡಿದಿ ಅಂದ್ರ ಒಳಗ ಹೋಗಿಬಿಡತೈತಿ. ಬಾಜೂಕ ಎಲ್ಲೋ ನೋಡಿದಂಗ ಮಾಡು, ತಾನ ಹೊರಗ ಬರತೈತಿ."

ಗಂಡನ ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ. ಬರೆಯುವಾಗ ಬರೆಯಲೇಬೇಕಾಗುತ್ತದೆ: ಮೌನೇಶಪ್ಪ ಪತ್ತಾರ. ಅಕ್ಕಸಾಲಿಕೆ ಅವರ ಮನೆತನದ ಕಸುಬು. ಈ ಕಾರಹುಣ್ಣಿಮೆಗೆ ತೀರಿಕೊಂಡರು. ನಾನು ನರೇಗಲ್ಲ ಕಡೆಯವಳು, ಅಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಓದಿದ್ದೆ. ಇಲ್ಲಿ ನಿಜಾಮರ ಸೀಮೆಯಲ್ಲಿ ಸಾಲೆಯೆಲ್ಲ ಉರ್ದು. ಅವರಿಗೆ ಉರ್ದು ಓದಲು ಬರುತ್ತಿತ್ತು, ಕನ್ನಡ ಬರೆಯುವುದು ಅಷ್ಟಕ್ಕಷ್ಟೆ. ಹೀಗಾಗಿ ಕಂಡದ್ದನ್ನು ಬರೆದಿಡುವ ಕೆಲಸ ಮೊದಲಿನಿಂದಲೂ ನನ್ನ ಪಾಲಿಗೆ ಬಂತು. ಅವರ ಬಗ್ಗೆ ಬರೆಯುವುದೂ ಅದೇ ಕೆಲಸದ ಮುಂದುವರಿಕೆ ಎಂದುಕೊಂಡು ಕುಳಿತಿದ್ದೇನೆ.

ಇದೆಲ್ಲ ಸುರುವಾದದ್ದು ಖಾದರಸಾಹೇಬರಿಂದ. ಅವರು ಪೈಮಾಯಿಷಿ ಖಾತೆಯವರು. ಹೊಲ, ಹಳ್ಳ, ಗುಡ್ಡಗಳನ್ನು ಅಳೆಯುತ್ತ ಕುಷ್ಟಗಿ ತಾಲೂಕೆಲ್ಲ ತಿರುಗುತ್ತಿದ್ದರು. ಅವರ ಅಳತೆಯ ದುರ್ಬೀನಿನೊಳಗೆ ಅಡ್ಡ ಒಂದು, ಉದ್ದ ಒಂದು ಎಳೆ ಇರುತ್ತವೆ. ಅವು ಜೇಡರಬಲೆಯ ಎಳೆಗಳು. ಆ ಎಳೆ ಹರಿದುಹೋಗಿ ಕೆಲಸ ನಿಂತಾಗ ಯಾರೋ ನಮ್ಮ ಅಂಗಡಿ ತೋರಿಸಿದರು. ಮನೆಯವರು ಅಟ್ಟದ ಮೂಲೆಯಿಂದ ಒಂದು ಜೇಡವನ್ನು ಹಿಡಿದು, ಕಡ್ಡಿಯ ತುದಿಗೆ ಅದರ ಎಳೆ ಸುತ್ತಿಕೊಂಡು, ಮಧ್ಯಾಹ್ನದೊಳಗೆ ಕೂಡಿಸಿಕೊಟ್ಟರು. ಸಾಹೇಬರು ಕೂಲಿ ಕೇಳಿದಾಗ ಅವರು ಹೇಳಿದ್ದು, "ಕೂಲಿ ಇರಲಿ ಬಿಡ್ರಿ. ಇವತ್ತ ರಾತ್ರಿ ಇದರಾಗ ಚಂದ್ರನ್ನ ಒಂದ ಸಲ ನೋಡಲೇನ್ರಿ?"

ನೋಡಿದರು. ಮರುದಿನ ಮೂಗುತಿಯ ಹರಳು ಕೂಡಿಸುವಾಗ ಎರಡು ಸಲ ಹರಳು ಕೆಳಗೆ ಬೀಳಿಸಿದರು. ನಾನು ಮದುವೆಯಾಗಿ ಬಂದ ಮೇಲೆ ಅವರ ಕೈಯಿಂದ ಹರಳು ಬಿದ್ದದ್ದು ಅದೇ ಮೊದಲು.

ಮುಂದೆ ಖಾದರಸಾಹೇಬರು ಮುಂಬಯಿಗೆ ಹೋದಾಗ ಹಡಗಿನ ಕಿಟಕಿಗೆ ಹಾಕುವ ದಪ್ಪನೆಯ ಗುಂಡು ಗಾಜು ಎರಡು ತಂದರು. ಒಂದೊಂದೂ ದೊಡ್ಡ ಜೋಳದ ರೊಟ್ಟಿಯಷ್ಟು ಅಗಲ. ಒಂದರ ಮೇಲೊಂದಿಟ್ಟು ನಡುವೆ ಸಾಣೆಗೆ ಬಳಸುವ ಕುರಂದದ ಪುಡಿ, ನೀರು ಹಾಕಿ ತಿಕ್ಕುತ್ತ ಹೋದರೆ ಮೇಲಿನ ಗಾಜು ತಾನಾಗಿ ತಗ್ಗಾಗುತ್ತದೆ, ಆ ತಗ್ಗೇ ದುರ್ಬೀನಿನ ಕನ್ನಡಿಯಾಗುತ್ತದೆ ಎಂದು ಅವರು ಇಂಗ್ಲಿಷ್ ಪುಸ್ತಕದಿಂದ ಓದಿ ಹೇಳಿದರು. ಮನೆಯವರು ಗಾಜನ್ನು ಹಿತ್ತಲಿನ ಒರಳಿನ ಮೇಲೆ ಕೂಡಿಸಿ, ಕಣದಲ್ಲಿ ಎತ್ತು ತಿರುಗಿದ ಹಾಗೆ ಅದರ ಸುತ್ತ ತಿರುಗುತ್ತ ತಿಕ್ಕಿದರು. ಒಂದು ವರ್ಷ ತಿಕ್ಕಿದರು, ಇನ್ನೊಂದು ವರ್ಷ ಅರಗಿನ ಮೇಲೆ ಮೆರುಗು ಕೊಟ್ಟರು. ಚಟ್ನಿ ಅರೆಯಲು ಒರಳಿಲ್ಲದೆ ನಮ್ಮ ಅತ್ತೆ ನೆರೆಮನೆಗೆ ಹೋಗಬೇಕಾಗುತ್ತಿತ್ತು.

"ಏನವಾ ಶಾಂತಾ," ಎಂದು ಅತ್ತೆ ಓಣಿಗೆಲ್ಲ ಕೇಳುವಂತೆ ಹೇಳುವರು, "ನಿನ್ನ ಸವತಿಗೆ ಎರಡು ವರ್ಷದಿಂದ ಮೈ ತಿಕ್ಕಾಕತ್ಯಾನ ನನ್ನ ಮಗ. ನಿನಗ ಒಂದಿನಾರ ಬೆನ್ನು ತಿಕ್ಯಾನೇನ?"

"ಯವ್ವಾ, ಆಕಿ ಬೆನ್ನು ಸಾಪ ಐತಿ," ಎಂದು ಇವರು ಹಿತ್ತಲಿನಿಂದಲೇ ಉತ್ತರ ಕೊಡುವರು. "ಇದಕ್ಕ ಇನ್ನೂ ಉಬ್ಬು ಅದಾವ."

ಉಬ್ಬು ಪರೀಕ್ಷಿಸುವ ರೀತಿಯನ್ನು ನನಗೂ ತೋರಿಸಿದರು. ಕತ್ತಲೆಯ ಕೋಣೆಯಲ್ಲಿ ಡಬ್ಬಿಗೆ ಸೂಜಿಯಷ್ಟು ತೂತು ಮಾಡಿ ಒಳಗೆ ದೀಪವಿಟ್ಟು, ಗಾಜಿನಿಂದ ತಿರುಗಿ ಬರುವ ಬೆಳಕಿಗೆ ಚಾಕುವಿನ ಅಂಚು ಅಡ್ಡ ಹಿಡಿದರೆ ಗಾಜಿನ ಮೇಲಿನ ಏರುತಗ್ಗು ನೆರಳಾಗಿ ಕಾಣುತ್ತದೆ. "ಹೆಬ್ಬಟ್ಟು ಇಡು ಅದರ ಮ್ಯಾಲ, ಹತ್ತು ಎಣಿಸಿ ತಗಿ," ಅಂದರು. ಇಟ್ಟು ತೆಗೆದೆ. ನನ್ನ ಹೆಬ್ಬೆರಳಿನ ಬಿಸಿಗೆ ಗಾಜು ಅಲ್ಲಿ ಉಬ್ಬಿ, ಒಂದು ಸಣ್ಣ ಗುಡ್ಡದ ಹಾಗೆ ಕಂಡಿತು. ನೋಡನೋಡುತ್ತ ಇಳಿದುಹೋಯಿತು. "ನೋಡಿದಿ? ಮನಶ್ಯಾರ ಬಿಸಿ ಅದಕ್ಕ ತಾಕತೈತಿ," ಅಂದರು. ಆ ದಿನದಿಂದ ನಾನು ಅತ್ತೆಯಂತೆ ಅದನ್ನು ಸವತಿ ಎನ್ನುವುದನ್ನು ಬಿಟ್ಟೆ.

ಆದರೆ ಎಂಥ ಕೈಯೂ ಒಂದು ಸಲ ತಪ್ಪುತ್ತದೆ. ಗಾಜಿಗೆ ಬೆಳ್ಳಿ ಹಿಡಿಸುವ ದಿನ ಅವರು ತಪ್ಪಿದರು. ಬೆಳ್ಳಿಯನ್ನು ತೇಜಾಬಿನಲ್ಲಿ ಕರಗಿಸಿ, ಸಕ್ಕರೆಯ ನೀರು ಸೇರಿಸಿ ಗಾಜಿನ ಮೇಲೆ ಸುರಿದರೆ ಬೆಳ್ಳಿ ತೆಳ್ಳಗೆ ಕೂಡುತ್ತದೆ. ಕೂಡಿತು. ಖಾದರಸಾಹೇಬರು "ಇನ್ನ ಕೈ ಹಚ್ಚಬ್ಯಾಡ್ರಿ" ಎಂದು ಹೇಳಿ ಕುಷ್ಟಗಿಗೆ ಹೋದರು. ಆದರೆ ಬೆಳ್ಳಿ ಕಂಡ ಪತ್ತಾರ ಎಷ್ಟು ಹೊತ್ತು ಸುಮ್ಮನೆ ಇದ್ದಾನು? ಅದರ ಮೇಲೆ ಒಂದು ಮಂಜು ಇದ್ದಂತೆ ಕಂಡದ್ದೇ ತಡ, ಆಭರಣಕ್ಕೆ ಒಪ್ಪ ಹಾಕುವ ಕಲ್ಲು ತೆಗೆದುಕೊಂಡು ಮೆಲ್ಲಗೆ ಒಂದು ಎಳೆ ಎಳೆದರು. ಬೆಳ್ಳಿ ಬಾಳೆಯ ಸಿಪ್ಪೆಯಂತೆ ಎದ್ದು ಬಂತು. ನಾನು ಬಾಗಿಲಲ್ಲಿ ನಿಂತಿದ್ದೆ. ಅವರು ಕಲ್ಲನ್ನು ಕೆಳಗಿಟ್ಟು ಬಹಳ ಹೊತ್ತು ನಕ್ಕರು.

"ನಲವತ್ತು ವರ್ಷದ ಚಟ ನೋಡು. ಹೊಳಿಸೂದು ನನ್ನ ಕೆಲಸ ಅಂತ ತಿಳ್ಕೊಂಡಿದ್ದೆ. ಇದರಾಗ ನನ್ನ ಕೆಲಸ ಕೈ ತಗಿಯೋದು."

ಮತ್ತೆ ಮೊದಲಿನಿಂದ ಮಾಡಿದರು. ಅಂಗಡಿಯ ಕಸ ತೊಳೆದು ಬಂದ ಬೆಳ್ಳಿಯ ಪುಡಿಯನ್ನೇ ಅದಕ್ಕೆ ಹಾಕಿದ್ದು. ಆದರೂ ಊರಿನಲ್ಲಿ, "ಪತ್ತಾರ ನಮ್ಮ ಕಡಗದ ಬೆಳ್ಳಿ ಗಾಜಿಗೆ ಬಳದಾನ" ಎಂದು ಮಾತಾಯಿತು. ಅವರು ಜಗಳವಾಡಲಿಲ್ಲ. ಹಾಗೆ ಅಂದವರನ್ನೇ ಕರೆದು ಮಾಳಿಗೆ ಹತ್ತಿಸಿ ಚಂದ್ರನ ತಗ್ಗುಗಳನ್ನು ತೋರಿಸಿದರು. ಇಳಿದ ಮೇಲೆ ಅವರಲ್ಲೊಬ್ಬಳು, "ನಮ್ಮ ಬೆಳ್ಳಿ ಇದ್ರೂ ಇರಲಿ ಬಿಡಪಾ ಮೌನೇಶಾ, ಛಲೋ ಕೆಲಸಕ್ಕ ಹತ್ತೇತಿ" ಅಂದಳು.

ಕಿನ್ನಾಳದ ಚಿತ್ರಗಾರರು ಗೊಂಬೆಗೆ ಬಳಸುವ ಹಗುರ ಮರದ ಹಲಗೆಗಳಿಂದ ಎಂಟು ಅಡಿಯ ಕೊಳವೆ ಮಾಡಿಸಿದರು. ಹಳೆಯ ಚಕ್ಕಡಿಯ ಗಾಲಿಯೊಂದನ್ನು ಮಾಳಿಗೆಯ ಮೇಲೆ ಅಡ್ಡ ಮಲಗಿಸಿ, ಅದರ ಮೇಲೆ ಕೊಳವೆ ನಿಲ್ಲಿಸಿದರು. ಗಾಲಿ ತಿರುಗಿದರೆ ದುರ್ಬೀನು ತಿರುಗುತ್ತಿತ್ತು. ನಮ್ಮದು ಮಣ್ಣಿನ ಮಾಳಿಗೆ. ಯಾರಾದರೂ ಎರಡು ಹೆಜ್ಜೆ ನಡೆದರೆ ನಕ್ಷತ್ರ ಕುಣಿಯುತ್ತಿತ್ತು. ಅದಕ್ಕೆ ಒಬ್ಬರು ನೋಡುವಾಗ ಇನ್ನೊಬ್ಬರು ಕುಳಿತಲ್ಲೇ ಕುಳಿತಿರಬೇಕು. ನಮ್ಮ ಸಂಸಾರದ ಒಳ್ಳೆಯ ಮಾತುಗಳೆಲ್ಲ ಹಾಗೆ ಅಲುಗಾಡದೆ ಕುಳಿತು ಆಡಿದ ಮಾತುಗಳು.

ಹಸ್ತ ನಕ್ಷತ್ರವೆಂದರೆ ನಮ್ಮ ಕಡೆಯವರಿಗೆ ಮಳೆಯ ಹೆಸರು. ಬೇಸಿಗೆಯಲ್ಲಿ ಊಟವಾದ ಹೊತ್ತಿಗೆ ಅದೇ ಹಸ್ತದ ಚಿಕ್ಕಿಗಳು ದಕ್ಷಿಣದಲ್ಲಿ ಕೈ ಬಿಡಿಸಿದಂತೆ ನಿಂತಿರುತ್ತವೆ. ಅದರ ಹತ್ತಿರ ಹುಡುಕುತ್ತಿದ್ದಾಗ ಅವರಿಗೆ ಒಂದು ಮಬ್ಬು ಸಿಕ್ಕಿತು. ಇಂಥ ಮಸುಕು ಬೆಳಕುಗಳಿಗೆ ನಾವು ಇಟ್ಟ ಹೆಸರೇ ಮಬ್ಬು. ಇದು ಮಾತ್ರ ಒಂದಲ್ಲ, ಎರಡು. ಎರಡು ಅಲಸಂದಿ ಕಾಳುಗಳನ್ನು ಒಂದು ಕಡೆ ತುದಿಗೆ ತುದಿ ತಾಗಿಸಿ, ಇನ್ನೊಂದು ಕಡೆ ಬಿಡಿಸಿಟ್ಟ ಹಾಗೆ. ಧೂಮಕೇತು ಇರಬಹುದೆಂದು ಹತ್ತು ದಿನ ಕಾಯ್ದೆವು. ಅಲುಗಲಿಲ್ಲ.

ಖಾದರಸಾಹೇಬರು ತಮ್ಮ ಪುಸ್ತಕಗಳಲ್ಲಿ ಹುಡುಕಿ ಬಂದು ಹೇಳಿದರು: "ಅವು ಮೋಡ ಅಲ್ರಿ ಪತ್ತಾರ್ರ. ನಮ್ಮ ಆಕಾಶಗಂಗಿ ಐತಲ್ಲ, ಅಂಥಾವು ಎರಡು ಅದಾವ ಅಲ್ಲಿ. ಒಂದನ್ನೊಂದು ಜಗ್ಗಾಕತ್ತಾವ ಅಂತ ಕೆಲವರು ಅಂತಾರ. ಒಂದರ ಹಿಂದ ಒಂದು ನಿಂತಾವ, ನಮಗ ಕೂಡಿದಂಗ ಕಾಣತಾವ ಅಂತ ಕೆಲವರು ಅಂತಾರ. ದೊಡ್ಡ ದೊಡ್ಡವರಿಗೇ ಖಾತ್ರಿ ಇಲ್ಲ."

"ಕೂಡಿದ್ದು ಖರೇ ಆದರ ಬೆಸಗಿ ಕಾಣಬೇಕಲ್ರಿ," ಎಂದರು ಮನೆಯವರು.

ಅಲ್ಲಿಂದ ಮುಂದೆ ಅದೊಂದೇ ಅವರ ಹುಡುಕಾಟವಾಯಿತು. ಒಡವೆಯಲ್ಲಿ ಎಲ್ಲಿ ಬೆಸುಗೆ ಹಾಕಿದೆ ಎಂದು ಕಂಡುಹಿಡಿಯುವುದರಲ್ಲಿ ಅವರನ್ನು ಮೀರಿಸಿದವರು ಈ ತಾಲೂಕಿನಲ್ಲಿರಲಿಲ್ಲ. ಎರಡು ಮಬ್ಬುಗಳು ಹತ್ತಿರವಾದ ಆ ತುದಿಯಲ್ಲಿ ಬೆಳಕಿನ ಒಂದು ಎಳೆ ಇದೆಯೋ, ಕತ್ತಲೆಯ ಒಂದು ಗೆರೆ ಇದೆಯೋ. ಅದನ್ನು ತಮ್ಮ ಕಣ್ಣಿನಿಂದ ತಿಳಿಯಬೇಕು. ಬೇಸಿಗೆಯ ಮೇಲೆ ಬೇಸಿಗೆ ನೋಡಿದರು. ನಾನೂ ನೋಡಿದೆ. ನಮ್ಮದೊಂದು ಕಟ್ಟಳೆ ಇತ್ತು. ಇಬ್ಬರೂ ಬೇರೆಬೇರೆಯಾಗಿ ನೋಡಬೇಕು, ಮಾತಾಡದೆ ಚಿತ್ರ ತೆಗೆಯಬೇಕು, ಬೆಳಿಗ್ಗೆ ಹೋಲಿಸಬೇಕು. ಪೆನ್ಸಿಲಿನಲ್ಲಿ ಮಬ್ಬು ಮೂಡುವುದಿಲ್ಲ. ನಾನು ಕಪ್ಪು ಪಾಟಿಯ ಮೇಲೆ ವಿಭೂತಿ ಉದುರಿಸಿ ಬೆರಳಿನಿಂದ ತೀಡಿ ನೋಡಿದೆ. ದುರ್ಬೀನಿನಲ್ಲಿ ಕಂಡ ಹಾಗೆಯೇ ಬಂತು. ಅವರಿಗೆ ಅದು ಎಷ್ಟು ಹಿಡಿಸಿತೆಂದರೆ ಮನೆಗೆ ಬಂದವರಿಗೆಲ್ಲ ಪಾಟಿ ತೋರಿಸಿ, "ನಮ್ಮಾಕಿ ಹಣಿಗೆ ಹಚ್ಚೋದನ್ನ ಆಕಾಶಕ್ಕ ಹಚ್ಚ್ಯಾಳ" ಎನ್ನುವರು.

ಎಷ್ಟು ನೋಡಿದರೂ ಬೆಸುಗೆಯ ವಿಷಯ ಇತ್ಯರ್ಥವಾಗಲಿಲ್ಲ. ಬೇಸಿಗೆಯ ಧೂಳು ಆ ತುದಿಯನ್ನು ನುಂಗುತ್ತಿತ್ತು. ಅಷ್ಟರಲ್ಲಿ ಅವರ ಎಡಗಣ್ಣಿಗೆ ಪೊರೆ ಬಂತು. ಮರುವರ್ಷ ಬಲಗಣ್ಣಿನಲ್ಲೂ ಸುರುವಾಯಿತು. ಬಳ್ಳಾರಿಯ ಡಾಕ್ಟರರು ನೋಡಿ, ವರ್ಷಗಟ್ಟಲೆ ಕುಲುಮೆಯ ಉರಿ ನೋಡಿದ ಕಣ್ಣು, ಒಳಗೂ ಕೆಟ್ಟಿದೆ, ಪೊರೆ ತೆಗೆದರೂ ಪ್ರಯೋಜನವಿಲ್ಲ ಎಂದರು. ಮನೆಗೆ ಬಂದು ಅವರು ಹೇಳಿದ್ದು ಇಷ್ಟೇ: "ಇನ್ನೊಂದು ಬ್ಯಾಸಗಿ ಸಿಕ್ರ ಸಾಕು."

ಆ ವರ್ಷವೇ ಖಾದರಸಾಹೇಬರು ಹೈದರಾಬಾದಿನಿಂದ ಒಂದು ಪುಸ್ತಕ ತಂದರು. ಅದರಲ್ಲಿ ನಮ್ಮ ಹಸ್ತದ ಮಬ್ಬುಗಳ ಫೋಟೋ ಇತ್ತು. ಮನೆಯವರು ಅದನ್ನು ತೆರೆಯಗೊಡಲಿಲ್ಲ. "ಬ್ಯಾಡ್ರಿ ಸಾಹೇಬ್ರ. ಮೊದಲ ನಾವು ನೋಡಿ ಮುಗಸ್ತೀವಿ. ತಿಳದದ್ದನ್ನ ನೋಡಾಕ ಹೋದರ ಅದ ಕಾಣತೈತಿ," ಎಂದು ಹೇಳಿ, ಪುಸ್ತಕವನ್ನು ಕೆಂಪು ಅರಿವೆಯಲ್ಲಿ ಕಟ್ಟಿ ಗೋಡೆಯ ಗೂಡಿನಲ್ಲಿಟ್ಟರು.

ನಾನು ಅದನ್ನು ಬಿಚ್ಚಿದೆ. ಸಂತೆಯ ದಿನ, ಅವರು ಅಂಗಡಿಯಲ್ಲಿದ್ದಾಗ. ಕೆಟ್ಟ ಮನಸ್ಸಿನಿಂದಲ್ಲ. ಅವರ ಕಣ್ಣು ಮುಚ್ಚುವುದರೊಳಗೆ ಏನನ್ನಾದರೂ ಕಂಡು ಕೊಡಬೇಕೆಂಬ ಅವಸರ ನನಗಿತ್ತು. ಫೋಟೋದಲ್ಲಿ ಮಬ್ಬುಗಳಿಗೆ ಎರಡು ಉದ್ದನೆಯ ಬಾಲಗಳಿದ್ದವು, ಎಡಗಡೆಯಿಂದ ಹೊರಟು ಒಂದು ಮೇಲಕ್ಕೆ, ಒಂದು ಕೆಳಕ್ಕೆ ಬಾಗಿದ ಜಿರಲೆಯ ಮೀಸೆಗಳ ಹಾಗೆ. ಹತ್ತಿರವಾದ ತುದಿಯಲ್ಲಿ ಮಾತ್ರ ಅಚ್ಚಿನ ಬಿಳಿ ಕಲೆ. ಬೆಸುಗೆ ಇದೆಯೋ ಇಲ್ಲವೋ ಅದರಿಂದ ತಿಳಿಯುವಂತಿರಲಿಲ್ಲ. ಅರಿವೆ ಕಟ್ಟಿ ಇದ್ದ ಹಾಗೆ ಇಟ್ಟೆ.

ಆ ವಾರ ಮಾಳಿಗೆಯ ಮೇಲೆ ನಾನು ಬಾಲಗಳನ್ನು ಕಂಡೆ. ಕಂಡೆ ಎಂದೇ ನನಗೆ ಅನ್ನಿಸಿತು. ಪಾಟಿಯ ಮೇಲೆ ಎಳೆದೆ. ಬೆಳಿಗ್ಗೆ ಅವರು ಪಾಟಿಯನ್ನು ಬಿಸಿಲಿಗೆ ಹಿಡಿದು, ಬಲಗಣ್ಣಿಗೆ ತೀರ ಹತ್ತಿರ ತಂದು ನೋಡಿದರು. "ಬಾಲ!" ಎಂದರು. "ಇಷ್ಟು ವರ್ಷ ನನಗ ಕಾಣಲಿಲ್ಲ, ನಿನಗ ಕಂಡಾವ!" ಎಂದು ಅತ್ತೆಯನ್ನು ಕರೆದು ತೋರಿಸಿದರು. ಪುಸ್ತಕ ತೆರೆಯುವ ದಿನ ಬಂತೆಂದು ಖಾದರಸಾಹೇಬರಿಗೆ ಹೇಳಿಕಳಿಸಿದರು.

ಸಾಹೇಬರು ಬಂದು ಪುಸ್ತಕ ಬಿಚ್ಚಿ, ಪಾಟಿಯ ಪಕ್ಕದಲ್ಲಿಟ್ಟರು. "ಶಾಬಾಸ್! ನಿಮ್ಮ ಮನಿಯವರ ಕಣ್ಣು ಕ್ಯಾಮರಾ ಅದಾವ್ರಿ ಪತ್ತಾರ್ರ. ಎಡಕ್ಕ ಎರಡೂ ಬಾಲ, ಹುಬೇಹೂಬ್!"

ಮನೆಯವರು ಎರಡನ್ನೂ ಒಂದೊಂದಾಗಿ ಕಣ್ಣಿನ ಹತ್ತಿರ ತಂದು ನೋಡಿದರು. ಮತ್ತೆ ನೋಡಿದರು. ಮುಖದ ಮೇಲಿನ ನಗು ಮೆಲ್ಲಗೆ ಇಳಿಯಿತು. ಸಾಹೇಬರಿಗೆ ಚಹಾ ಕೊಡಲು ಹೇಳಿದರು, ಮಳೆಯ ಮಾತಾಡಿದರು, ಓಣಿಯ ತಿರುವಿನ ತನಕ ಹೋಗಿ ಕಳಿಸಿ ಬಂದರು. ಬಂದು ನನ್ನ ಎದುರಿಗೆ ಕುಳಿತು ಪಾಟಿಯನ್ನು ತೊಡೆಯ ಮೇಲಿಟ್ಟುಕೊಂಡರು.

"ದುರ್ಬೀನು ಎಲ್ಲಾನೂ ಉಲ್ಟಾ ತಿರುವಿ ತೋರಸತೈತಿ. ಎಡಕ್ಕ ಇದ್ದದ್ದು ಬಲಕ್ಕ, ಮ್ಯಾಲ ಇದ್ದದ್ದು ಕೆಳಗ. ಹೌದಿಲ್ಲೋ?"

"ಹೌದ್ರಿ."

"ಫೋಟೋದಾಗ ಮಬ್ಬು ಹತ್ತಿರ ಆಗಿದ್ದು ಎಡಕ್ಕ. ಬಾಲ ಅಲ್ಲಿಂದ ಹೊಂಟಾವ. ನಿನ್ನ ಪಾಟಿ ಮ್ಯಾಲ ಹತ್ತಿರ ಆಗಿದ್ದು ಬಲಕ್ಕ, ಅದು ಬರೋಬರಿ. ಹಂಗಾರ ಬಾಲಾನೂ ಬಲಕ್ಕ ಬರಬೇಕಲ್ಲ. ನೀ ಎಡಕ್ಕ ಎಳದಿ. ಮೈ ದುರ್ಬೀನಿಂದು, ಬಾಲ ಪುಸ್ತಕದ್ದು. ಪುಸ್ತಕ ಬಿಚ್ಚಿದ್ಯೇನ?"

ಹೂಂ ಎಂದೆ.

ಬೈಯುವರೆಂದು ಕಾಯ್ದೆ. ಅವರು ಪಾಟಿಯನ್ನು ನನ್ನ ಕೈಗೆ ಕೊಟ್ಟರು. "ಶಾಂತಾ, ಮುಂದಿನ ಬ್ಯಾಸಗಿಗೆ ನನಗ ಏನೂ ಕಾಣಂಗಿಲ್ಲ. ಆವಾಗ ಬೆಸಗಿ ಐತಿ ಅಂತ ನೀ ಅಂದ್ರ ಐತಿ, ಇಲ್ಲಂದ್ರ ಇಲ್ಲ. ನನ್ನ ಖುಷಿ ಮಾಡಾಕ ನೀ ಒಂದ ಸುಳ್ಳು ಹೇಳಿದಿ ಅಂದ್ರ ನನಗ ಎರಡೂ ಹೋದಂಗ, ಕಣ್ಣೂ ಹೋತು, ಆಕಾಶಾನೂ ಹೋತು."

ನಾನು ಪಾಟಿ ತೊಳೆದು ಬೋರಲು ಹಾಕಿದೆ. ಆ ಮಾತನ್ನು ಅವರು ಮತ್ತೆ ಎತ್ತಲಿಲ್ಲ, ಒಂದು ದಿನವೂ ಹಂಗಿಸಲಿಲ್ಲ.

ಮುಂದಿನ ಬೇಸಿಗೆ ಅವರು ಹೇಳಿದ ಹಾಗೆಯೇ ಬಂತು. ಹಗಲಿನ ಬೆಳಕು ಮಾತ್ರ ತಿಳಿಯುತ್ತಿತ್ತು, ಆಕಾರ ತಿಳಿಯುತ್ತಿರಲಿಲ್ಲ. ಅಂಗಡಿ ಮುಚ್ಚಿದೆವು. ಆದರೂ ಊಟವಾದ ಮೇಲೆ ಏಣಿ ಹತ್ತುವುದನ್ನು ಅವರು ಬಿಡಲಿಲ್ಲ. ಮಾಳಿಗೆಯ ಮೇಲೆ ಗಾಲಿಯನ್ನು ಅವರೇ ತಿರುಗಿಸುವರು. ಹಸ್ತ ಎಲ್ಲಿದೆ ಎಂದು ಅವರ ಕೈಗೆ ಗೊತ್ತಿತ್ತು, ನಾನು ಒಂದೆರಡು ಬೆರಳಿನಷ್ಟು ಸರಿಪಡಿಸಿದರೆ ಸಾಕು. ಅನೇಕ ದಿನ ನಾನು "ತಿಳಿಯವಲ್ದ್ರಿ" ಎನ್ನುವೆ, ಅವರು "ಇರಲಿ" ಎನ್ನುವರು.

ವೈಶಾಖದ ಕೊನೆಗೆ ಒಂದು ಸಂಜೆ ಗುಡುಗಿ ದೊಡ್ಡ ಮಳೆಯಾಯಿತು. ಮಳೆ ನಿಂತ ಮೇಲೆ ಧೂಳೆಲ್ಲ ಕುಳಿತು, ಆಕಾಶ ತೊಳೆದ ಹಾಗಿತ್ತು. ಮಾಳಿಗೆಯ ಮಣ್ಣು ಇನ್ನೂ ಹಸಿ. ಕಂಬಳಿ ಹೊದ್ದು ತಲೆ ಮುಚ್ಚಿಕೊಂಡು ನಾನು ಕಣ್ಣಿಟ್ಟೆ. ಅವರು ಗಾಲಿಯ ಪಕ್ಕದಲ್ಲಿ ಮೊಳಕಾಲು ಅಪ್ಪಿ ಕುಳಿತರು.

ಮಬ್ಬುಗಳ ಆಚೆ ಒಂದು ಸಣ್ಣ ಚಿಕ್ಕಿಯನ್ನು ನೋಡುತ್ತಿದ್ದೆ. ಅಂಚಿನಲ್ಲಿ ಅವೆರಡೂ ಮೆಲ್ಲಗೆ ಹೊರಗೆ ಬಂದವು. ಹತ್ತಿರವಾದ ತುದಿಯಲ್ಲಿ ಕತ್ತಲೆ ಇರಲಿಲ್ಲ. ಒಂದರಿಂದ ಒಂದಕ್ಕೆ ಬೆಳಕು ಹರಿದು, ಕೊಕ್ಕೆಯ ಹಾಗೆ ಬಾಗಿ ಕೂಡಿಕೊಂಡಿತ್ತು. ಕಣ್ಣು ತೆಗೆದೆ, ಮತ್ತೆ ಇಟ್ಟೆ. ಇತ್ತು. ನೂರು ಎಣಿಸಿ ಮತ್ತೆ ನೋಡಿದೆ. ಇತ್ತು.

"ಬೆಸಗಿ ಐತ್ರಿ," ಎಂದೆ.

ಅವರು ಅಲುಗಲಿಲ್ಲ. "ಯಾವ ಕಡೆ?"

"ಬಲಕ್ಕ. ತೆಳ್ಳಗ ಐತಿ. ಮ್ಯಾಲಿನ ಕಾಳಿನಿಂದ ಸುರುವಾಗಿ ಬಾಗಿ ಕೆಳಗಿನದಕ್ಕ ಹೋಗೇತಿ."

"ಒಂದ ಸಮ ಐತೋ, ಗಂಟು ಗಂಟು ಐತೋ?"

"ನಡುವ ಒಂದ ಕಡೆ ಸ್ವಲ್ಪ ದಪ್ಪ ಐತ್ರಿ. ಒಂದ ಕಡೆ ಅಂತೂ ಖಾತ್ರಿ. ಇನ್ನೊಂದ ಕಡೆ ಇದ್ದರೂ ಇರಬಹುದು, ಹೇಳಾಕ ಬರಂಗಿಲ್ಲ."

"ಬಾಲ?"

ಆ ಬಾಲ ಈ ರಾತ್ರಿ ಕಾಣಲೆಂದು ನಾನು ಎಷ್ಟು ಆಸೆಪಟ್ಟಿದ್ದೆನೆಂದು ಯಾರಿಗೂ ಗೊತ್ತಿಲ್ಲ. ಬಲಕ್ಕೆ ನೋಡಿದೆ, ಎಡಕ್ಕೆ ನೋಡಿದೆ, ಅಲುಗಿದ ಮಬ್ಬು ಬೇಗ ಕಣ್ಣಿಗೆ ಬೀಳುತ್ತದೆಂದು ಕೊಳವೆಯನ್ನು ಬೆರಳಿನಿಂದ ತಟ್ಟಿ ಅಲುಗಿಸಿಯೂ ನೋಡಿದೆ.

"ಇಲ್ರಿ. ಎಷ್ಟು ನೋಡಿದರೂ ಕಾಣವಲ್ವು."

ಅವರು ನಕ್ಕರು, ಅಂದು ಒಪ್ಪ ಹಾಕುವ ಕಲ್ಲು ಕೆಳಗಿಟ್ಟು ನಕ್ಕಷ್ಟೇ ಬಿಚ್ಚು ಮನಸ್ಸಿನಿಂದ.

"ಬಾಲ ಕಾಣವಲ್ವು ಅಂದಿ ನೋಡು, ಅದಕ್ಕ ಬೆಸಗಿ ಐತಿ ಅನ್ನೂದನ್ನ ನಂಬತೀನಿ."

ಪಾಟಿಯ ಮೇಲೆ ಕಂಡಷ್ಟನ್ನೇ ತೆಗೆದೆ. ಅವರು ಕೇಳಿದ್ದಕ್ಕೆ ಅವರ ತೋರುಬೆರಳು ಹಿಡಿದು, ಪಾಟಿಗೆ ತಾಗಿಸದೆ, ಅದರ ಮೇಲೆ ಗಾಳಿಯಲ್ಲೇ ಆ ಕೊಕ್ಕೆಯನ್ನು ಬರೆಸಿದೆ. ಎರಡು ಸಲ ಬರೆಸಿದೆ. ಮೂರನೆಯ ಸಲ ಅವರೇ ಬರೆದರು.

ಹದಿನೈದು ದಿನಗಳ ಮೇಲೆ, ಜ್ವರ ಬಂದು ಮೂರನೆಯ ದಿನ ಅವರು ಹೋದರು. ಅಷ್ಟರೊಳಗೆ ಮತ್ತೆ ಮಾಳಿಗೆ ಹತ್ತಲು ಮೋಡ ಬಿಡಲಿಲ್ಲ. ಹಾಗಾಗಿ ನಾವು ಒಟ್ಟಿಗೆ ಆಕಾಶ ನೋಡಿದ್ದು ಅದೇ ಕೊನೆಯ ಸಲ.

ಆ ರಾತ್ರಿ ಇಳಿಯುವಾಗ ನಾನು ಮುಂದೆ ಇಳಿದೆ. ಏಣಿ ಮಳೆಗೆ ತೊಯ್ದಿತ್ತು. ಅವರ ಪಾದ ಹಿಡಿದು ಒಂದೊಂದೇ ಮೆಟ್ಟಿಲ ಮೇಲೆ ಇಡುತ್ತ ಬಂದೆ. ಕಣ್ಣು ಹೋದ ಮೇಲೆ ಕೊನೆಯ ಮೆಟ್ಟಿಲಲ್ಲಿ ನಿಂತು, ಹೆಬ್ಬೆರಳು ಚಾಚಿ ನೆಲ ತಡವಿ ನೋಡಿಯೇ ಇಳಿಯುವುದು ಅವರ ರೂಢಿಯಾಗಿತ್ತು. ನಾನು ಎಷ್ಟು ಸಲ ಹೇಳಿದರೂ ತಡವಿಯೇ ಇಳಿಯುತ್ತಿದ್ದರು.

"ಮೆಟ್ಲ ಮುಗದುವ್ರಿ," ಎಂದೆ. "ಇನ್ನ ನೆಲ."

ಅವರು ತಡವಲಿಲ್ಲ. ಪೂರ್ತಿ ಭಾರ ಹಾಕಿ ಕಾಲಿಟ್ಟರು.